ಮನೆಯ ಯಂತ್ರಗಳು: ಒಂದು ತಟ್ಟೆಯಿಂದ ಹಲವು ತಟ್ಟೆಗಳು

ಬಬಲೇಶ್ವರದ ಓರ್ವ ವಾಚಕ ಭಗಿನಿಯವರು ನಮಗೊಂದು ಪತ್ರವನ್ನು ಬರೆದಿರುವರು. ಅವರ ತವರುಮನೆ ತಿಕೋಟಾ. ೨೦೦೭ನೆಯ ಇಸವಿಯಲ್ಲಿ ಅವರ ತಮ್ಮನ ಲಗ್ನವು ಅಲ್ಲಿ ಜರುಗಿದಾಗ, ಅರಿಷಿಣದ ದಿನ ಅವರ ತಾಯಿಯವರು ಹಂದರದಲ್ಲಿ ಕುಳಿತು ಒಂಬತ್ತು ಹಾಡುಗಳನ್ನು ಹಾಡಿದರಂತೆ. ಬೀಸುವ ಪದಗಳು ಕೆಲವು, ಸೋಬಾನೆಗಳು ಕೆಲವು, ಕಟ್ಟಕಡೆಗೆ ಒಂದು ತೊಟ್ಟಿಲ ಪದ. ಲಗ್ನದ ಚಿತ್ರ ತೆಗೆಯಲು ಬಂದಿದ್ದವರು ಅದೆಲ್ಲವನ್ನೂ ಒಂದು ಸಿ.ಡಿ.ಯಲ್ಲಿ ತುಂಬಿ ಕೊಟ್ಟರು. ತಾಯಿಯವರು ೨೦೧೬ರಲ್ಲಿ ದೈವಾಧೀನರಾದರು. ಆ ಧ್ವನಿಯು ಆ ತಟ್ಟೆಯೊಂದರಲ್ಲಿ ಹೊರತು ಬೇರೆಲ್ಲಿಯೂ ಇಲ್ಲ. ಈ ವರುಷ ಪುಣ್ಯತಿಥಿಯ ದಿನ ಮಕ್ಕಳೆಲ್ಲರೂ ಕೂಡಿ ಅದನ್ನು ಹಚ್ಚಿದರೆ, ಯಂತ್ರವು ತಟ್ಟೆಯನ್ನು ಗರಗರನೆ ತಿರುಗಿಸಿ, ಕೆಲ ಹೊತ್ತು ತಡವರಿಸಿ, ಏನನ್ನೂ ನುಡಿಯದೆ ಹೊರಗೆ ತಳ್ಳಿಬಿಟ್ಟಿತಂತೆ.

“ಅವ್ವನ ತಟ್ಟೆ ಒಡೆದಿಲ್ಲ, ಅದರ ಮೇಲೊಂದು ಗೀರು ಬಿದ್ದಿಲ್ಲ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಕಿಡಕಿಯ ಮಗ್ಗುಲಿನ ಮಾಡದಲ್ಲಿ ಇಟ್ಟಿದ್ದೆನು. ನೆನಪಾದಾಗಲೆಲ್ಲ ಬಿಚ್ಚಿ ನೋಡಿ, ಎಷ್ಟೋ ಸಲ ಅದನ್ನು ಹಾಗೆಯೇ ತೆರೆದಿಟ್ಟದ್ದೂ ಉಂಟು. ಅದರ ಸಂಗಡಲೇ ಇದ್ದ ಸಿನಿಮಾದ ತಟ್ಟೆಯು ಮಾತ್ರ ಇಂದಿಗೂ ಚೊಕ್ಕಾಗಿ ನಡೆಯುತ್ತದೆ. ಪೇಟೆಯಲ್ಲಿ ಕೊಂಡದ್ದು ಉಳಿಯಿತು, ಅವ್ವನ ಧ್ವನಿ ಹೋಯಿತು. ಎರಡೂ ಒಂದೇ ಬಗೆಯ ತಟ್ಟೆಗಳಲ್ಲವೇ? ಇದು ಹೇಗಾಯಿತು?” ಎಂದು ಅವರು ಕೇಳಿರುವರು.

ಈ ಪ್ರಶ್ನೆಯು ಒಂದು ಮನೆಯದಲ್ಲ. ಮಗಳ ಲಗ್ನ, ಮೊಮ್ಮಗನ ತೊಟ್ಟಿಲು, ಶಾಲೆಯ ಸ್ನೇಹಸಮ್ಮೇಳನ, ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ ೨೦೨೩ರ ಜನೇವರಿ ೨ರಂದು ಲಿಂಗೈಕ್ಯರಾದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರ ಪ್ರವಚನ, ಹೀಗೆ ಏನಾದರೊಂದನ್ನು ತಟ್ಟೆಯಲ್ಲಿ ಇಟ್ಟುಕೊಂಡಿರುವ ಮನೆಗಳು ನಮ್ಮ ಕಡೆಗೆ ಬಹಳ. ಆದಕಾರಣ ಈ ತಟ್ಟೆಗಳು ಹೇಗೆ ಹುಟ್ಟುತ್ತವೆ, ಒಂದರಿಂದ ಹಲವು ಹೇಗೆ ಆಗುತ್ತವೆ ಎಂಬದನ್ನು ಈ ಸಲ ವಿವರಿಸಬೇಕೆಂದಿರುವೆವು. ಅದು ತಿಳಿದರೆ ಭಗಿನಿಯವರ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುವದು. ಇನ್ನೂ ಕೆಟ್ಟಿರದ ತಟ್ಟೆಗಳುಳ್ಳವರಿಗೆ ಎಚ್ಚರಿಕೆಯೂ ಆಗುವದು.

ವಿಜಯಪುರದ ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟದವರು ನಮ್ಮಲ್ಲಿ ವಿರಳ. ಮಹಮ್ಮದ ಆದಿಲಶಹನ ಈ ಗೋರಿಯ ಗುಮ್ಮಟವು ಒಂದು ಸದ್ದನ್ನು ಏಳು ಸಲ ಮರಳಿ ನುಡಿಯುತ್ತದೆಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿರುವೆವು. ಆದರೆ ಒಂದನ್ನು ಏಳು ಮಾಡಬಲ್ಲ ಆ ಗುಮ್ಮಟವು ಒಂದನ್ನೂ ಇಟ್ಟುಕೊಳ್ಳಲಾರದು. ಧ್ವನಿಯನ್ನು ಹೆಚ್ಚಿಸಲೂ ಬೇಕು, ಹೆಚ್ಚಿಸಿದ್ದು ನಿಲ್ಲಲೂ ಬೇಕು ಎಂದರೆ ಅದನ್ನು ಯಾವದಾದರೊಂದು ವಸ್ತುವಿನ ಮೇಲೆ ಗುರುತಾಗಿ ಮೂಡಿಸಲೇಬೇಕು. ಆ ವಸ್ತುವು ಎಂಥದು, ಗುರುತು ಎಂಥದು ಎಂಬದರ ಮೇಲೆಯೇ ಧ್ವನಿಯ ಆಯುಷ್ಯವು ನಿಂತಿರುವದು.

ನಮ್ಮ ಹಿರಿಯರು ಕೇಳುತ್ತಿದ್ದ ಗ್ರಾಮೋಫೋನ ಪ್ಲೇಟುಗಳನ್ನೇ ಮೊದಲು ನೋಡೋಣ. ಆಗ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಮುಂಬಯಿಗೆ ಹೋಗಿ ಹೆಸರಾಂತ ಗಾಯಕಿಯರಾದರು. ೧೯೪೩ರ “ಕಿಸ್ಮತ್” ಚಿತ್ರದಲ್ಲಿಯ ಅವರ ಹಾಡುಗಳು ದೇಶದ ತುಂಬ ಮೊಳಗಿದವು. ವಿಜಯಪುರದ ಅಮೀರ ಟಾಕೀಜವು ಅವರ ಹೆಸರನ್ನೇ ಹೊತ್ತದ್ದು. ಅವರಂಥವರು ಒಂದು ಸಲ ಹಾಡಿದ್ದು ಸಾವಿರಾರು ಮನೆಗಳಿಗೆ ಹೋದದ್ದು ಹೇಗೆ? ಹಾಡಿನ ಕಂಪನಕ್ಕೆ ಸರಿಯಾಗಿ ಮೊಳೆಯೊಂದು ಮೇಣದ ತಟ್ಟೆಯಲ್ಲಿ ಸುರುಳಿಯಾಗಿ ಗೆರೆ ಕೊರೆಯುತ್ತಿತ್ತು. ಆ ಮೇಣದ ಮೇಲೆ ವಿದ್ಯುತ್ತಿನ ಸಹಾಯದಿಂದ ಲೋಹವನ್ನು ಲೇಪಿಸಿ, ಲೇಪವನ್ನು ಬಿಡಿಸಿ ತೆಗೆದರೆ, ತಗ್ಗಿದ್ದಲ್ಲಿ ಉಬ್ಬು ಇರುವ ಲೋಹದ ಅಚ್ಚೊಂದು ದೊರೆಯುತ್ತಿತ್ತು. ಅದು ತಂದೆ. ಅದರಿಂದ ಮತ್ತೊಂದು ಲೇಪವನ್ನು ಬಿಡಿಸಿದರೆ ತಾಯಿ. ತಾಯಿಯಿಂದ ಹುಟ್ಟಿದ ಅಚ್ಚುಗಳೇ ಠಸ್ಸೆಗಳು. ಕಾಯಿಸಿ ಮೆದುಮಾಡಿದ ಅರಗಿನ ಉಂಡೆಯನ್ನು ಎರಡು ಠಸ್ಸೆಗಳ ನಡುವೆ ಒತ್ತಿದರೆ ಒಂದು ಪ್ಲೇಟು ಸಿದ್ಧವಾಗುತ್ತಿತ್ತು. ಕಲ್ಕತ್ತೆಯಲ್ಲಿ ೧೯೦೮ರಲ್ಲಿಯೇ ಇಂಥ ಕಾರಖಾನೆಯು ನಡೆಯತೊಡಗಿತ್ತು.

ಗೌರಿಹುಣ್ಣಿವೆಗೆ ಸಕ್ಕರೆ ಆರತಿಗಳನ್ನು ಮಾಡಿದ ತಾಯಂದಿರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿಗೆಯ ಅಚ್ಚಿನಲ್ಲಿ ನವಿಲನ್ನು ಕೊರೆಯುವದು ಬಡಿಗನಿಗೆ ಬಹುದಿನದ ಕೆಲಸ. ಪಾಕ ಸುರಿದು ನೂರು ನವಿಲುಗಳನ್ನು ತೆಗೆಯುವದು ಒಂದು ಸಂಜೆಯ ಕೆಲಸ. ಕೊರೆದದ್ದು ಒಂದೇ, ಎರೆದದ್ದು ಬಹಳ. ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿದ್ದ ಹಾಡಿನ ಮತ್ತು ಸಿನಿಮಾದ ಸಿ.ಡಿ.ಗಳೂ ಹುಟ್ಟುವದು ಇದೇ ರೀತಿಯಿಂದ.

ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಎಂಬ ಎರಡು ಕಂಪನಿಗಳು ಕೂಡಿ ಸಿ.ಡಿ.ಯ ಅಳತೆಗಳನ್ನು ೧೯೮೦ರಲ್ಲಿ ಗೊತ್ತುಮಾಡಿದವು. ೧೯೮೨ರಲ್ಲಿ ಅದು ಪೇಟೆಗೆ ಬಂದಿತು. ತಟ್ಟೆಯ ಅಗಲ ೧೨೦ ಮಿಲಿಮೀಟರ, ದಪ್ಪ ೧.೨ ಮಿಲಿಮೀಟರ, ನಡುವಿನ ತೂತು ೧೫ ಮಿಲಿಮೀಟರ. ಕಾರಖಾನೆಯಲ್ಲಿ ಮೊದಲು ನುಣುಪಾದ ಗಾಜಿನ ಹಲಗೆಯೊಂದಕ್ಕೆ ಬೆಳಕು ತಾಕಿದಲ್ಲಿ ಮಾರ್ಪಡುವ ಒಂದು ಲೇಪವನ್ನು ಹಚ್ಚುವರು. ಲೇಸರ್ ಎಂಬ ಅತಿ ಸಣ್ಣ ಬೆಳಕಿನ ಎಳೆಯು ಅದರ ಮೇಲೆ ಚುಕ್ಕೆಗಳನ್ನು ಬರೆಯುತ್ತ ಹೋಗುವದು. ದ್ರಾವಣದಲ್ಲಿ ತೊಳೆದಾಗ ಬೆಳಕು ತಾಕಿದಲ್ಲೆಲ್ಲ ಲೇಪವು ಕರಗಿ ತಗ್ಗುಗಳು ಉಳಿಯುವವು. ಅದರ ಮೇಲೆ ನಿಕ್ಕಲ್ ಲೋಹವನ್ನು ಬೆಳೆಯಿಸಿ, ಗ್ರಾಮೋಫೋನಿನ ಕಾಲದ ಹಾಗೆಯೇ ತಂದೆ, ತಾಯಿ, ಠಸ್ಸೆ ಎಂಬ ವಂಶವನ್ನು ಇಲ್ಲಿಯೂ ಪಡೆಯುವರು. ಠಸ್ಸೆಯನ್ನು ಎರಕದ ಯಂತ್ರದಲ್ಲಿ ಕೂಡಿಸಿ, ಪಾಲಿಕಾರ್ಬೊನೇಟ್ ಎಂಬ ಗಟ್ಟಿಯಾದ, ಪಾರದರ್ಶಕವಾದ ಪ್ಲಾಸ್ಟಿಕನ್ನು ಕಾಯಿಸಿ ನೀರಾಗಿಸಿ ಒತ್ತಡದಿಂದ ಒಳಗೆ ನುಗ್ಗಿಸುವರು. ನಾಲ್ಕೈದು ಸೆಕೆಂಡಿಗೊಂದು ತಟ್ಟೆಯು ಹೊರಬೀಳುವದು. ತಗ್ಗುಗಳಿದ್ದ ಮೈಗೆ ಅತಿ ತೆಳುವಾದ ಅಲ್ಯುಮಿನಿಯಮ್ಮಿನ ಹೊದಿಕೆ, ಅದರ ಮೇಲೆ ಕಾಪಿಗೊಂದು ಮೆರುಗೆಣ್ಣೆ, ಅದರ ಮೇಲೆ ಬಣ್ಣದ ಚಿತ್ರ. ಇಷ್ಟಾದರೆ ತಟ್ಟೆ ಸಿದ್ಧ.

ಆ ತಗ್ಗುಗಳ ಸಣ್ಣತನವು ಊಹೆಗೆ ನಿಲುಕುವದು ಕಷ್ಟ. ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವಿನ ಅಂತರವು ಮಿಲಿಮೀಟರಿನ ಸಾವಿರದ ಪಾಲಿನಲ್ಲಿ ೧.೬ರಷ್ಟು, ಒಂದು ತಲೆಗೂದಲಿನ ದಪ್ಪದಲ್ಲಿ ಇಂಥ ೪೦ ಸಾಲುಗಳು ಹಿಡಿದಾವು. ಒಳಗಿನಿಂದ ಹೊರಗೆ ಸುತ್ತಿಕೊಳ್ಳುತ್ತ ಹೋಗುವ ಆ ಸುರುಳಿಯನ್ನು ಬಿಚ್ಚಿ ಎಳೆದರೆ ೫ ಕಿಲೋಮೀಟರನ್ನೂ ಮೀರುವದು. ಓದುವ ಯಂತ್ರವು ಇದರ ಮೇಲೆ ಮೆಲ್ಲನೆಯ ಲೇಸರ್ ಬೆಳಕನ್ನು ಬಿಟ್ಟು, ಮರಳಿ ಬರುವ ಬೆಳಕನ್ನು ಅಳೆಯುವದು. ಸಮತಲದಿಂದ ಬೆಳಕು ಚೆನ್ನಾಗಿ ಮರಳುವದು. ತಗ್ಗಿನ ಆಳವನ್ನು ಬೆಳಕಿನ ಅಲೆಯ ಸುಮಾರು ಕಾಲುಭಾಗದಷ್ಟು ಇಟ್ಟಿರುವದರಿಂದ, ತಗ್ಗಿನಿಂದ ಬಂದ ಬೆಳಕೂ ಅದರ ಸುತ್ತಲಿನಿಂದ ಬಂದ ಬೆಳಕೂ ಒಂದನ್ನೊಂದು ಅಡಗಿಸಿ ಮಂಕಾಗುವವು. ಬೆಳಕು, ಮಂಕು, ಮಂಕು, ಬೆಳಕು. ಈ ಬದಲಾವಣೆಗಳನ್ನು ಯಂತ್ರವು ಅಂಕಿಗಳೆಂದು ಓದಿಕೊಳ್ಳುವದು. ಹಾಡಿನ ತಟ್ಟೆಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು ೪೪,೧೦೦ ಸಲ ಅಳೆದು ಅಂಕಿಯಾಗಿ ಬರೆದಿರುವರು.

ಆದರೆ ಗಾಜಿನ ಹಲಗೆ, ನಿಕ್ಕಲ್ ಠಸ್ಸೆ, ಎರಕದ ಯಂತ್ರ ಇವೆಲ್ಲ ಬಹಳ ವೆಚ್ಚದವು. ಸಾವಿರಾರು ತಟ್ಟೆಗಳು ಬೇಕಾದರೆ ಆ ವೆಚ್ಚವು ಹಂಚಿಹೋಗುವದು. ತಿಕೋಟಾದ ಒಂದು ಲಗ್ನಕ್ಕೆ ಬೇಕಾಗುವದು ನಾಲ್ಕೋ ಐದೋ ತಟ್ಟೆಗಳು. ನಾಲ್ಕು ಸಕ್ಕರೆ ನವಿಲುಗಳಿಗಾಗಿ ಅಚ್ಚು ಕೊರೆಸುವವರು ಯಾರು? ಇದಕ್ಕಾಗಿಯೇ ಬೇರೊಂದು ಬಗೆಯ ತಟ್ಟೆಯು ಹುಟ್ಟಿತು. ಜಪಾನಿನ ತಾಯಿಯೊ ಯುಡೆನ್ ಎಂಬ ಕಂಪನಿಯು ೧೯೮೮ರಲ್ಲಿ ಇದನ್ನು ಲೋಕಕ್ಕೆ ತೋರಿಸಿತು. ಇದರಲ್ಲಿ ಮೊದಲಿಗೆ ತಗ್ಗುಗಳೇ ಇರುವದಿಲ್ಲ. ದಾರಿ ತೋರಿಸಲು ಒಂದು ಸುರುಳಿ ಗೆರೆ ಮಾತ್ರ ಇರುವದು. ಅದರ ಮೇಲೆ ಸಸ್ಯಜನ್ಯ ಬಣ್ಣಗಳಂತೆಯೇ ಇಂಗಾಲದ ಕುಲಕ್ಕೆ ಸೇರಿದ ಒಂದು ಬಣ್ಣದ ಲೇಪವಿದ್ದು, ಅದರ ಬೆನ್ನಿಗೆ ಬೆಳ್ಳಿಯಂಥ ಹೊಳೆಯುವ ಹೊದಿಕೆಯಿರುವದು. ಬರೆಯುವ ಯಂತ್ರದ ಲೇಸರ್ ಓದುವ ಲೇಸರಿಗಿಂತ ಬಹಳ ಬಲವಾದದ್ದು. ಅದು ಅಲ್ಲಲ್ಲಿ ಬಣ್ಣವನ್ನು ಕಾಯಿಸಿ ಕೆಡಿಸುತ್ತ ಹೋಗುವದು. ಕೆಟ್ಟ ಜಾಗದಿಂದ ಬೆಳಕು ಮಂಕಾಗಿ ಮರಳುವದು, ಕೆಡದ ಜಾಗದಿಂದ ಚೆನ್ನಾಗಿ ಮರಳುವದು. ಓದುವ ಯಂತ್ರವು ಇದನ್ನೇ ತಗ್ಗು ಮತ್ತು ಸಮತಲವೆಂದು ತಿಳಿದು ಮೋಸಹೋಗುವದು. ಅಂಗಡಿಕಾರರು ಇದಕ್ಕೆ ‘ಸುಡುವದು’ ಎನ್ನುವದು ಯಥಾರ್ಥವಾಗಿಯೇ ಇದೆ.

ಭಗಿನಿಯವರ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಸಿನಿಮಾದ ತಟ್ಟೆಯು ಅಚ್ಚೊತ್ತಿದ್ದು. ಅದರ ಅಕ್ಷರಗಳು ಪ್ಲಾಸ್ಟಿಕಿನ ಮೈಯೊಳಗಿನ ತಗ್ಗುಗಳು, ಕಲ್ಲಿನ ಶಾಸನವಿದ್ದಂತೆ. ಅವ್ವನ ತಟ್ಟೆಯು ಸುಟ್ಟದ್ದು. ಅದರ ಅಕ್ಷರಗಳು ಬರಿಯ ಬಣ್ಣದ ಕಲೆಗಳು. ಬಣ್ಣದ ಸೀರೆಯನ್ನು ವರುಷಗಟ್ಟಲೆ ಬಿಸಿಲಿಗೆ ಹಾಕಿದರೆ ಏನಾಗುವದೆಂಬದನ್ನು ಯಾವ ಗೃಹಿಣಿಗೂ ಹೇಳಬೇಕಾಗಿಲ್ಲ. ನಮ್ಮ ಸೀಮೆಯ ಬೇಸಿಗೆಯ ಕಾವು, ಕಿಡಕಿಯಿಂದ ಬರುವ ಬಿಸಿಲು, ಇವು ಕಿಡಕಿಯ ಮಗ್ಗುಲಲ್ಲಿ ಆಗಾಗ ತೆರೆದಿಟ್ಟ ಆ ಬಣ್ಣವನ್ನು ಮೆಲ್ಲಮೆಲ್ಲನೆ ತಿಂದಿರುವವು. ಎರಡನ್ನೂ ಗುರುತಿಸುವದು ಸುಲಭ. ತಟ್ಟೆಯ ಕೆಳಮೈಯನ್ನು ಬೆಳಕಿಗೆ ಹಿಡಿಯಿರಿ. ಅಚ್ಚಿನ ತಟ್ಟೆಯು ಕನ್ನಡಿಯಂತೆ ಬೆಳ್ಳಗೆ ಇರುವದು. ಸುಟ್ಟ ತಟ್ಟೆಯಲ್ಲಿ ಹಸುರು, ನೀಲಿ ಇಲ್ಲವೆ ತಿಳಿ ಹೊಂಬಣ್ಣದ ಛಾಯೆಯು ಸಾಮಾನ್ಯವಾಗಿ ತೋರುವದು. ಭಗಿನಿಯವರೂ ತಮ್ಮ ಎರಡನೆಯ ಪತ್ರದಲ್ಲಿ, ಅವ್ವನ ತಟ್ಟೆಯು ಮೊದಲು ಎಳೆಹಸುರಾಗಿದ್ದು ಈಗ ಬಿಳಿಚಿಕೊಂಡಿದೆಯೆಂದು ಬರೆದರು.

ಹಾಗಾದರೆ ಹೋದ ವರುಷ ಚೆನ್ನಾಗಿ ನಡೆದ ತಟ್ಟೆಯು ಈ ವರುಷ ಒಮ್ಮೆಲೆ ನಿಂತದ್ದೇಕೆ? ಇದಕ್ಕೂ ಕಾರಣವುಂಟು. ನಮ್ಮ ಹಿರಿಯರು ಜೋಳವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬುತ್ತಿರಲಿಲ್ಲ. ಒಂದಕ್ಕೆ ನೀರು ಹೊಕ್ಕರೂ ಉಳಿದವು ಮನೆತನವನ್ನು ಸಾಗಿಸಲೆಂದು ಬೇರೆ ಬೇರೆ ಕಡೆಗೆ ಇಡುತ್ತಿದ್ದರು. ತಟ್ಟೆಯಲ್ಲಿಯೂ ಒಂದು ಮಾತಿನ ಅಂಕಿಗಳನ್ನು ಒತ್ತಟ್ಟಿಗೆ ಬರೆಯದೆ ದೂರದೂರಕ್ಕೆ ಚದರಿಸಿ ಬರೆದಿರುವರು. ಜೊತೆಗೆ ತಾಳೆ ನೋಡುವದಕ್ಕಾಗಿ ಹೆಚ್ಚಿನ ಅಂಕಿಗಳನ್ನೂ ಸೇರಿಸಿರುವರು. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಲೆಕ್ಕವಿದು. ಇದರ ಬಲದಿಂದ ಸಾಲಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಅಳಿಸಿಹೋದರೂ ಯಂತ್ರವು ಅದನ್ನು ಲೆಕ್ಕದಿಂದ ತುಂಬಿಕೊಳ್ಳಬಲ್ಲದು. ಬಣ್ಣವು ಮಾಸುತ್ತಿದ್ದರೂ ಕೇಳುವ ನಮಗೆ ತಿಳಿಯದಿರುವದು ಈ ಕಾರಣದಿಂದಲೇ. ಯಂತ್ರವು ತಪ್ಪುಗಳನ್ನು ತಿದ್ದುತ್ತ ತಿದ್ದುತ್ತ ಹೋಗಿ, ತಿದ್ದಲಾರದ ಮೇರೆ ಬಂದ ದಿನ ಕೈಚೆಲ್ಲುವದು. ಆದಕಾರಣ ತಟ್ಟೆಯು ಈಗ ನಡೆಯುತ್ತಿದೆಯೆಂದು ನಿಶ್ಚಿಂತರಾಗಿರಬಾರದು. ಅದು ನಡೆಯುತ್ತಿರುವಾಗಲೇ ಅದರ ಪ್ರತಿಯನ್ನು ಮಾಡಿಸಬೇಕು. ಈ ಬರಹದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ ಆಗಿರುವದು.

ಇನ್ನು ಪ್ರತಿಮಾಡುವ ಯಂತ್ರದ ವಿಷಯ. ನಗರದ ಒಂದು ಅಂಗಡಿಯಲ್ಲಿ ಇದನ್ನು ನಾವು ಹತ್ತಿರದಿಂದ ನೋಡಿದೆವು. ಮಂಡಿಯೆತ್ತರದ ಒಂದು ಕಬ್ಬಿಣದ ಪೆಟ್ಟಿಗೆ. ಅದರಲ್ಲಿ ಒಂದರ ಕೆಳಗೊಂದು ಎಂಟು ಬಾಯಿಗಳು. ಅಂಗಡಿಯವರು ಇದನ್ನು ಟವರ್ ಎನ್ನುವರು. ಮೇಲಿನ ಬಾಯಿ ಓದುವದು, ಉಳಿದ ಏಳು ಬರೆಯುವವು. ನಡುವೆ ಇವುಗಳನ್ನು ನಡೆಯಿಸುವ ಒಂದು ಹಲಗೆಯಿದ್ದು, ಅದಕ್ಕೆ ಸ್ವಲ್ಪ ನೆನಪಿನ ಶಕ್ತಿಯನ್ನು ಕೊಟ್ಟಿರುವರು. ಶಾಲೆಯಲ್ಲಿ ಉಕ್ತಲೇಖನವು ನಡೆಯುವದನ್ನು ನೆನೆಯಿರಿ. ಮಾಸ್ತರರು ಪುಸ್ತಕ ಹಿಡಿದು ಒಂದೊಂದೇ ವಾಕ್ಯವನ್ನು ಹೇಳುವರು, ಏಳು ಮಕ್ಕಳು ಏಳು ಪಾಟಿಗಳ ಮೇಲೆ ಒಮ್ಮೆಗೇ ಬರೆಯುವರು. ಇಲ್ಲಿಯೂ ಹಾಗೆಯೇ. ಆದರೆ ಒಂದು ತೊಡಕುಂಟು: ಬರೆಯುವ ಲೇಸರ್ ಒಮ್ಮೆ ಹೊರಟರೆ ಅದಕ್ಕೆ ಅಂಕಿಗಳು ಎಡೆಬಿಡದೆ ಬರುತ್ತಿರಬೇಕು, ಬಾರದೆ ಹೋದರೆ ಮೊದಲಿನ ಯಂತ್ರಗಳಲ್ಲಿ ತಟ್ಟೆಯೇ ಕೆಟ್ಟುಹೋಗುತ್ತಿತ್ತು. ನೆನಪಿನ ಶಕ್ತಿಯನ್ನು ಇಟ್ಟಿರುವದು ಇದಕ್ಕಾಗಿಯೇ. ಮಾಸ್ತರರು ಪುಟ ತಿರುವುವಾಗಲೂ ಮಕ್ಕಳ ಕೈ ನಿಲ್ಲದಂತೆ ಮುಂದಿನ ವಾಕ್ಯಗಳನ್ನು ಮೊದಲೇ ಕೂಡಿಟ್ಟುಕೊಳ್ಳುವ ಉಪಾಯವಿದು.

ಮೊಟ್ಟಮೊದಲಿನ ಯಂತ್ರಗಳು ೭೪ ನಿಮಿಷದ ಹಾಡನ್ನು ಬರೆಯಲು ೭೪ ನಿಮಿಷಗಳನ್ನೇ ತೆಗೆದುಕೊಳ್ಳುತ್ತಿದ್ದವು. ಮುಂದೆ ವೇಗವು ಹೆಚ್ಚಿ ಮೂರು ನಾಲ್ಕು ನಿಮಿಷಗಳಲ್ಲಿ ಒಂದು ಸಿ.ಡಿ.ಯು ಮುಗಿಯತೊಡಗಿತು. ಏಳು ಬಾಯಿಗಳಿದ್ದರೆ ಅಷ್ಟೇ ಹೊತ್ತಿನಲ್ಲಿ ಏಳು. ಸಿ.ಡಿ.ಗಿಂತ ಆರೇಳು ಪಟ್ಟು ಹೆಚ್ಚು ಹಿಡಿಸುವ ಡಿ.ವಿ.ಡಿ.ಗೆ ಇನ್ನಷ್ಟು ಹೊತ್ತು ಬೇಕು. ಬರೆದಾದ ಮೇಲೆ ತಾಳೆ ನೋಡುವ ಗುಂಡಿಯೊಂದುಂಟು. ಅದನ್ನು ಒತ್ತಿದರೆ ಯಂತ್ರವು ಮೂಲವನ್ನೂ ಪ್ರತಿಯನ್ನೂ ಅಂಕಿಗೆ ಅಂಕಿಯಾಗಿ ಹೋಲಿಸಿ, ತಪ್ಪಿದ ಪ್ರತಿಯನ್ನು ಬೇರೆ ಮಾಡುವದು. ಅವಸರದ ಕೆಲಸದಲ್ಲಿ ಈ ಗುಂಡಿಯನ್ನು ಒತ್ತದೆ ಬಿಡುವದುಂಟು. ಪ್ರತಿ ಮಾಡಿಸುವವರು ಇದನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು.

ತಾಳೆ ನೋಡುವದರ ಬೆಲೆಯನ್ನು ವಿಜಯಪುರದವರಾದ ನಾವು ಚೆನ್ನಾಗಿ ಅರಿತಿರಬೇಕು. ಇದೇ ಊರಿನಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮಠಮನೆಗಳಲ್ಲಿ ಕಟ್ಟುಗಟ್ಟಲೆ ಬಿದ್ದಿದ್ದ ವಚನಗಳ ತಾಡವೋಲೆಗಳನ್ನು ಹುಡುಕಿ, ಪ್ರತಿಮಾಡಿಸಿ, ಒಂದು ಓಲೆಯನ್ನು ಮತ್ತೊಂದರೊಡನೆ ಹೋಲಿಸಿ ನೋಡಿ, ೧೯೨೩ರಲ್ಲಿ “ವಚನಶಾಸ್ತ್ರಸಾರ”ದ ಮೊದಲ ಭಾಗವನ್ನು ಹೊರಗೆಡವಿದರು. ೧೯೨೬ರಲ್ಲಿ “ಶಿವಾನುಭವ” ಪತ್ರಿಕೆಯನ್ನು ಹೊರಡಿಸಿದರು. ಅಚ್ಚುಕೂಟಕ್ಕಾಗಿ ತಮ್ಮ ಮನೆಯನ್ನೇ ಮಾರಿಕೊಂಡರು. ಕೈಯಿಂದ ಬರೆದ ಪ್ರತಿಯಲ್ಲಿ ಒಬ್ಬ ಬರೆಹಗಾರನು ಬಿಟ್ಟ ಅಕ್ಷರವು ಮುಂದಿನವನ ಪ್ರತಿಯಲ್ಲಿಯೂ ಬಿಟ್ಟೇಹೋಗುವದು. ಟೇಪಿನ ಕಾಲದಲ್ಲಿಯೂ ನಾವು ಇದನ್ನೇ ಕಂಡೆವು. ಪ್ರತಿಯ ಪ್ರತಿಯ ಪ್ರತಿಯಲ್ಲಿ ಹಾಡಿಗಿಂತ ಸರಸರ ಸಪ್ಪಳವೇ ಹೆಚ್ಚು. ಅಂಕಿಗಳ ಪ್ರತಿಗೆ ಮಾತ್ರ ಈ ದೋಷವಿಲ್ಲ. ತಾಳೆ ಸರಿಹೋದರೆ ಹತ್ತನೆಯ ಪ್ರತಿಯೂ ಮೊದಲನೆಯದರಷ್ಟೇ ಸಾಚಾ. ಆದರೆ ಮೂಲವು ಓದಲು ಬರುತ್ತಿರಬೇಕು, ಅಷ್ಟೇ.

ಆ ‘ಅಷ್ಟೇ’ಯಲ್ಲಿಯೇ ಭಗಿನಿಯವರ ಸಂಕಟವಿದ್ದಿತು. ಅವರು ತಟ್ಟೆಯನ್ನು ತೆಗೆದುಕೊಂಡು ನಗರಕ್ಕೆ ಬಂದ ದಿನ ನಾವೂ ಜೊತೆಗೆ ಹೋಗಿದ್ದೆವು. ಅಂಗಡಿಯ ತರುಣನು ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಅಕ್ಕಾರ, ಇದರ ಬಣ್ಣ ಹೋಗೇತ್ರಿ. ಟವರಿಗೆ ಹಾಕಿದ್ರ ಅದು ಒಂದ ಕಡೆ ತಪ್ಪ ಬಂದ ಕೂಡಲೆ ನಿಂತ ಬಿಡತೈತ್ರಿ. ಮೊದಲ ಕಂಪ್ಯೂಟರದಾಗ ತಕ್ಕೊಳ್ಳೂಣು. ಬಂದಷ್ಟು ಬರಲಿ” ಎಂದನು. ಅವನು ಹೇಳಿದ್ದು ಸರಿಯಾದ ಮಾತು. ಟವರ್ ಎಂಬದು ಚುರುಕಾದ ಆಳು, ತಾಳ್ಮೆಯ ಆಳಲ್ಲ. ಕೆಟ್ಟ ತಟ್ಟೆಗೆ ತಾಳ್ಮೆಯೇ ಔಷಧ. ಅದಕ್ಕಾಗಿಯೇ ಮಾಡಿದ ಕಂಪ್ಯೂಟರದ ಕ್ರಮಗಳುಂಟು. ಅವು ಚೆನ್ನಾಗಿರುವ ಭಾಗಗಳನ್ನು ಮೊದಲು ಓದಿಕೊಂಡು, ಬಾರದ ಕಡೆಯನ್ನು ಗುರುತುಹಾಕಿ ದಾಟಿ ಹೋಗಿ, ಮರಳಿ ಬಂದು ನಿಧಾನವಾದ ವೇಗದಲ್ಲಿ ಮತ್ತೆ ಮತ್ತೆ ಯತ್ನಿಸುವವು. ಒಂದು ಯಂತ್ರವು ಓದದ್ದನ್ನು ಮತ್ತೊಂದು ಯಂತ್ರದ ಕಣ್ಣು ಓದುವದೂ ಉಂಟು. ಆ ತರುಣನು ಮೂರು ಬೇರೆ ಬೇರೆ ಡ್ರೈವುಗಳಲ್ಲಿ ಹಾಕಿ ನೋಡಿದನು.

ಭಗಿನಿಯವರು ಬಾಗಿಲ ಬಳಿಯ ಕುರ್ಚಿಯ ಮೇಲೆ ಸೆರಗನ್ನು ಹಿಡಿದುಕೊಂಡು ಕುಳಿತಿದ್ದರು. ಮಧ್ಯಾಹ್ನ ದಾಟಿತು. ಮೂರನೆಯ ಡ್ರೈವು ಓದತೊಡಗಿದಾಗ ಪೆಟ್ಟಿಗೆಯೊಳಗಿಂದ ಮೊದಲು ಹಂದರದ ಗದ್ದಲ, ಯಾರೋ ನೀರು ಕೇಳಿದ್ದು, ಅನಂತರ ಆ ತಾಯಿಯವರ ಧ್ವನಿ ಕೇಳಿಬಂದವು. ಅಂಗಡಿಗೆ ಬೇರೆ ಕೆಲಸಕ್ಕೆ ಬಂದಿದ್ದವರೂ ಸುಮ್ಮನಾದರು. ಸಂಜೆಯ ಹೊತ್ತಿಗೆ ಒಂಬತ್ತು ಹಾಡುಗಳಲ್ಲಿ ಏಳು ಪೂರ್ತಿಯಾಗಿ ದೊರೆತವು. ಎಂಟನೆಯದು ನಡುನಡುವೆ ಹರಿದಿತ್ತು. ತಟ್ಟೆಯ ಹೊರ ಅಂಚಿನ ಕಡೆಗೆ ಇದ್ದ ಒಂಬತ್ತನೆಯದು, ಎಂದರೆ ತೊಟ್ಟಿಲ ಪದವು, ಬರಲೇ ಇಲ್ಲ. ಸುರುಳಿಯು ಒಳಗಿನಿಂದ ಹೊರಗೆ ಹೋಗುವದೆಂದು ಮೇಲೆ ಹೇಳಿರುವೆವಷ್ಟೆ. ಕೊನೆಯ ಹಾಡಿಗೆ ಅಂಚಿನ ಪಾಲು ಬಂದಿತ್ತು. ದೊರೆತದ್ದನ್ನು ಹೊಸ ತಟ್ಟೆಗೆ ಬರೆದು, ಅದನ್ನು ಟವರಿಗೆ ಹಾಕಿ, ತಾಳೆಯನ್ನೂ ನೋಡಿ, ಮಕ್ಕಳು ಐವರಿಗೆ ಐದು ಪ್ರತಿಗಳನ್ನು ಮಾಡಿಕೊಟ್ಟನು.

ಇಂಥ ತಟ್ಟೆಗಳುಳ್ಳ ಮನೆಯವರು ನೆನಪಿಡತಕ್ಕ ಕೆಲವು ಮಾತುಗಳು ಇವು. ತಟ್ಟೆಯನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಬಿಸಿಲು, ಕಾವು, ತೇವಗಳಿಂದ ದೂರ, ಕತ್ತಲೆಯುಳ್ಳ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಡಬೇಕು. ಒರೆಸುವದಾದರೆ ಮೆತ್ತನೆಯ ಅರಿವೆಯಿಂದ ನಡುವಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಬೇಕು. ಸುತ್ತುಸುತ್ತಾಗಿ ಒರೆಸಿದರೆ ಬೀಳುವ ಗೀರು ಸಾಲಿನ ಗುಂಟ ಬಿದ್ದು ಹೆಚ್ಚು ಹಾನಿಯಾಗುವದು. ಹೊಳೆಯುವ ಕೆಳಮೈಯೇ ಮೃದುವೆಂದು ಹಲವರು ತಿಳಿದಿರುವರು; ಸಿ.ಡಿ.ಯಲ್ಲಿ ನಿಜವು ಇದಕ್ಕೆ ವಿರುದ್ಧವಾಗಿದೆ. ಕೆಳಗೆ ದಪ್ಪ ಪ್ಲಾಸ್ಟಿಕಿನ ಕಾಪುಂಟು, ಮೇಲೆ ಹೆಸರು ಬರೆಯುವ ಮೈಯ ಕೆಳಗೆ ತೆಳುವಾದ ಮೆರುಗೆಣ್ಣೆ ಮಾತ್ರ ಇರುವದು. ಆದಕಾರಣ ಅದರ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬಾರದು, ಚೀಟಿಯನ್ನು ಅಂಟಿಸಿ ಕೀಳಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿ. ಮನೆಯ ಧ್ವನಿಯಿರುವ ಪ್ರತಿಯೊಂದು ಸುಟ್ಟ ತಟ್ಟ‍ೆಯಿಂದ ಒಂದು ಪ್ರತಿಯನ್ನು ಹೊಸ ತಟ್ಟೆಗೂ, ಒಂದನ್ನು ಕಂಪ್ಯೂಟರಕ್ಕೆ ಇಲ್ಲವೆ ಪೆನ್‌ಡ್ರೈವಿಗೂ ಇಳಿಸಿಕೊಳ್ಳಿರಿ. ಪೆನ್‌ಡ್ರೈವೂ ಚಿರಂಜೀವಿಯಲ್ಲ, ಒಂದರ ಮೇಲೆಯೇ ಭಾರ ಹಾಕಬೇಡಿರಿ. ಒಂದು ಪ್ರತಿಯು ಗಂಡನ ಮನೆಯಲ್ಲಿದ್ದರೆ ಮತ್ತೊಂದು ತವರುಮನೆಯಲ್ಲಿರಲಿ. ವರುಷಕ್ಕೊಮ್ಮೆ ದೀಪಾವಳಿಗೆ ಮನೆಯನ್ನು ಹಸನು ಮಾಡುವ ಕಾಲಕ್ಕೆ ಇವನ್ನೂ ಒಂದು ಸಲ ಹಚ್ಚಿ ನೋಡಿರಿ. ಆದರೆ ಕೊಂಡ ಸಿನಿಮಾ ಮತ್ತು ಹಾಡುಗಳ ಮಾತು ಬೇರೆ. ಅವು ಪರರ ಸೊತ್ತು. ಅವನ್ನು ಪ್ರತಿಮಾಡಿ ಮಾರುವದು, ಹಂಚುವದು ೧೯೫೭ರ ಕೃತಿಸ್ವಾಮ್ಯದ ಕಾಯಿದೆಗೆ ವಿರುದ್ಧವಾದದ್ದು.

ಈ ಕೆಲಸಕ್ಕೆ ತಡಮಾಡಲೂ ಬಾರದು. ನಮ್ಮ ದೇಶದಲ್ಲಿ ಖಾಲಿ ತಟ್ಟೆಗಳನ್ನು ವಿಪುಲವಾಗಿ ತಯಾರಿಸುತ್ತಿದ್ದ ಮೋಸರ್ ಬೇರ್ ಕಂಪನಿಯು ೧೯೮೩ರಲ್ಲಿ ಹುಟ್ಟಿ ೨೦೧೮ರಲ್ಲಿ ವಿಸರ್ಜನೆಗೆ ಒಳಗಾಯಿತು. ಸಿ.ಡಿ.ಯ ಜನಕರಲ್ಲೊಬ್ಬರಾದ ಸೋನಿಯವರು ಬ್ಲೂ-ರೇ ಎಂಬ ಬಗೆಯ ಬರೆಯುವ ತಟ್ಟೆಗಳ ತಯಾರಿಕೆಯನ್ನು ೨೦೨೫ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಹೊಸ ಕಂಪ್ಯೂಟರಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಕಾಣುವದು ಅಪರೂಪವಾಗಿದೆ. ತಟ್ಟೆಯು ಕೆಡುವದಕ್ಕೆ ಮುಂಚೆ ಅದನ್ನು ಓದುವ ಯಂತ್ರವೇ ಊರಿನಿಂದ ಮರೆಯಾಗಬಹುದು.

ಈ ಬರಹವನ್ನು ಮುಗಿಸುವ ಹೊತ್ತಿಗೆ ಬಬಲೇಶ್ವರದ ಭಗಿನಿಯವರಿಂದ ಮೂರನೆಯ ಪತ್ರವು ಬಂದಿದೆ. ಅವರ ತಾಯಿಯವರ ತಂಗಿಯೊಬ್ಬರು ತಿಕೋಟಾದಲ್ಲಿ ಇರುವರಂತೆ. ಕಳೆದುಹೋದ ಆ ತೊಟ್ಟಿಲ ಪದವನ್ನು ಅಕ್ಕತಂಗಿಯರಿಬ್ಬರೂ ತಮ್ಮ ತಾಯಿಯಿಂದಲೇ ಕಲಿತಿದ್ದರು. ಭಗಿನಿಯವರು ಹೋಗಿ, “ಚಿಗವ್ವಾ, ಅವ್ವ ಹಾಡತಿದ್ದದ್ದ ನಿನಗ ಬರತೈತೇನ?” ಎಂದು ಕೇಳಿದರೆ, ಚಿಕ್ಕಮ್ಮನವರು ಒಂದೆರಡು ನುಡಿಗಳನ್ನು ಮರೆತು, ಮತ್ತೆ ನೆನೆದು, ಪೂರ್ತಿಯಾಗಿ ಹಾಡಿದರಂತೆ. ಧ್ವನಿಯು ಅವ್ವನದಲ್ಲ, ಹಾಡು ಅದೇ. ಅದನ್ನೀಗ ಮೂರು ಕಡೆಗೆ ಪ್ರತಿಮಾಡಿ ಇಟ್ಟಿರುವೆವೆಂದು ಅವರು ಬರೆದಿರುವರು.

ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಚಿಕ್ಕಮ್ಮಂದಿರು, ಸೋದರತ್ತೆಯರು, ಅಜ್ಜಂದಿರು ಇರುವರು. ತಟ್ಟೆಗಳನ್ನು ಹುಡುಕುವ ದಿನವೇ ಅವರನ್ನೂ ಒಮ್ಮೆ ಮಾತನಾಡಿಸಿ, ಅವರು ಹಾಡಿದ್ದನ್ನು ತೆಗೆದಿಟ್ಟುಕೊಳ್ಳಬೇಕೆಂದು ನಮ್ಮ ವಿನಂತಿ. ಮುಂದಿನ ತಿಂಗಳು ಹಳೆಯ ಟೇಪಿನ ಕ್ಯಾಸೆಟ್ಟುಗಳ ವಿಷಯವನ್ನು ಬರೆಯುವೆವು.